ಎಳೆದ ತಂತಿಯೂ ಎಳೆದವನ ಹೊಣೆಯೂ

ಬೇಲಿಯೆಂಬದು ಒಕ್ಕಲಿಗನಿಗೆ ಹೊಸ ಸಂಗತಿಯಲ್ಲ. ಕಳ್ಳಿಯನ್ನು ನೆಟ್ಟೋ, ಕತ್ತಾಳೆಯನ್ನು ಹಚ್ಚಿಯೋ, ಜಾಲಿಯ ಕಂಟಿಯನ್ನು ಕಡಿದು ಒಟ್ಟಿಯೋ ನಮ್ಮ ಹಿರಿಯರು ತಮ್ಮ ಹೊಲಗಳನ್ನು ಕಾಯ್ದುಕೊಳ್ಳುತ್ತಾ ಬಂದರು. ಅಂಥ ಬೇಲಿಯು ನಿಂತಲ್ಲಿ ನಿಂತಿರುವದೇ ಹೊರತು ಯಾವದನ್ನೂ ಎಳೆಯುವದಿಲ್ಲ. ಆದರೆ ಈಗ ನಮ್ಮ ಸೀಮೆಯಲ್ಲಿಯೂ ಕಲ್ಲುಕಂಬಗಳನ್ನು ನಿಲ್ಲಿಸಿ ತೋಟಗಳ ಸುತ್ತಲೂ ಕಟ್ಟುವ ತಂತಿಯ ಬೇಲಿಯು ಬೇರೆ ಜಾತಿಯದು. ಅದರ ಸತ್ವವೆಲ್ಲಾ ಬಿಗಿತದಲ್ಲಿ ಇದೆ. ಸಡಿಲಾದ ತಂತಿಯನ್ನು ಎಮ್ಮೆಯು ಕುತ್ತಿಗೆಯಿಂದ ಎತ್ತಿ ನುಸುಳಿಹೋಗುವದನ್ನು ನೋಡದವರು ಯಾರು? ಆದಕಾರಣ ತಂತಿಯನ್ನು ಎಳೆಯಲೇಬೇಕು. ಅಮೇರಿಕದ ವಿಸ್ತಾರವಾದ ಬಯಲುಗಳಲ್ಲಿ ಒಂದೊಂದು ಓಟಕ್ಕೆ ಕಾಲು ಮೈಲು ಉದ್ದದ ತಂತಿಯನ್ನು ಎಳೆಯಬೇಕಾಗಿರುವದರಿಂದ ಅಲ್ಲಿಯ ಒಕ್ಕಲಿಗರಲ್ಲಿ ಅನೇಕರು ಈ ಕೆಲಸಕ್ಕೆ ಟ್ರಾಕ್ಟರನ್ನು ಹೂಡುತ್ತಾರೆ. ಈ ಸಾಮಾನ್ಯವಾದ ಕೆಲಸದೊಳಗೆ ಒಂದು ಕಠಿಣವಾದ ಪ್ರಶ್ನೆಯು ಅಡಗಿದೆಯೆಂದು ನಮಗೆ ತೋರುತ್ತದೆ. ತನ್ನ ಕೈಗೆ ತಿಳಿಯದಷ್ಟು ದೊಡ್ಡದಾದ ಬಲವನ್ನು ಉಪಯೋಗಿಸುವ ಮನುಷ್ಯನು ಅದರಿಂದಾಗುವ ಹಾನಿಗೆ ಎಷ್ಟರ ಮಟ್ಟಿಗೆ ಹೊಣೆಗಾರನು? ಎಂಬದೇ ಆ ಪ್ರಶ್ನೆ.

ಮೊದಲು ಆ ಸೀಮೆಯ ಕಥೆಯನ್ನು ಸ್ವಲ್ಪ ಹೇಳಬೇಕು. ಅಮೇರಿಕದ ನಡುಭಾಗದಲ್ಲಿ ನೂರಾರು ಮೈಲು ಬರೀ ಹುಲ್ಲುಗಾವಲು. ಅಲ್ಲಿ ಬೇಲಿಗೆ ಸಾಕಾಗುವಷ್ಟು ಮರವಿರಲಿಲ್ಲ, ಗೋಡೆಗೆ ಬೇಕಾದ ಕಲ್ಲೂ ಇರಲಿಲ್ಲ. ಪೂರ್ವದ ಕಾಡುಸೀಮೆಯಿಂದ ಬಂದು ನೆಲೆಸಿದವರು ಓಸೇಜ್ ಆರೆಂಜ್ ಎಂಬ ಮುಳ್ಳುಗಿಡವನ್ನು ಒತ್ತೊತ್ತಾಗಿ ನೆಟ್ಟು ಬೆಳೆಸಿದರು. ಆ ಗಿಡವು ಬೇಲಿಯಾಗುವದಕ್ಕೆ ಕೆಲವು ವರುಷಗಳು ಬೇಕಾಗಿದ್ದವು. ದನಗಳು ಪೈರನ್ನು ಮೇಯುವದಕ್ಕೆ ಒಂದು ರಾತ್ರಿ ಸಾಕಾಗಿತ್ತು. ನುಣುಪಾದ ತಂತಿಯನ್ನು ಕಟ್ಟಿ ನೋಡಿದರು. ದನಗಳು ಅದಕ್ಕೆ ಮೈಯೊರಸಿ ಒರಗಿ ಅದನ್ನು ಜೋಲುಬೀಳಿಸಿದವು. ಕಡೆಗೆ ಇಲಿನಾಯ್ ಸಂಸ್ಥಾನದ ಡಿಕಾಲ್ಬ್ ಊರಿನ ಜೋಸೆಫ್ ಗ್ಲಿಡನ್ ಎಂಬ ಒಕ್ಕಲಿಗನು ಎರಡು ತಂತಿಗಳನ್ನು ಹುರಿಹಾಕಿ, ಮುಳ್ಳುಗಳು ಜಾರದಂತೆ ಅವುಗಳ ನಡುವೆ ಸಿಕ್ಕಿಸುವ ಉಪಾಯವನ್ನು ಕಂಡುಹಿಡಿದು, 1874ನೇ ಇಸವಿ ನವೆಂಬರ್ 24ರಲ್ಲಿ ಅದಕ್ಕೆ ಸರಕಾರದಿಂದ ಹಕ್ಕುಪತ್ರವನ್ನು ಪಡೆದನು. ಮೊದಲನೆಯ ಮುಳ್ಳುಗಳನ್ನು ಅವನು ಮನೆಯ ಕಾಫಿ ಬೀಜ ಅರೆಯುವ ಗಿರಣಿಯಿಂದಲೇ ತಿರುವಿ ಮಾಡಿದನೆಂದು ಹೇಳುತ್ತಾರೆ. ಮನೆಯಾಕೆಯು ಏನೆಂದಳೋ! ಮುಂದಿನ ಹತ್ತು ಹದಿನೈದು ವರುಷಗಳಲ್ಲಿ ಆ ತಂತಿಯು ಬಯಲನ್ನೆಲ್ಲಾ ಹೊಲಹೊಲವಾಗಿ ಪಾಲುಮಾಡಿಬಿಟ್ಟಿತು.

ತಂತಿಯ ಬೇಲಿಯನ್ನು ಕಟ್ಟುವ ಕ್ರಮವನ್ನು ತಿಳಿಯದೆ ನಮ್ಮ ಪ್ರಶ್ನೆಯು ಅರ್ಥವಾಗುವದಿಲ್ಲ. ನಡುವಿನ ಕಂಬಗಳು ತಂತಿಯನ್ನು ಎತ್ತಿಹಿಡಿಯುತ್ತವೆ, ಅಷ್ಟೇ. ಎಳೆತವನ್ನೆಲ್ಲಾ ಹೊರುವದು ಮೂಲೆಗಂಬವು. ಅದನ್ನು ಮೂರೂವರೆ ನಾಲ್ಕು ಅಡಿ ಆಳಕ್ಕೆ ಹೂಳಿ, ಸುಮಾರು ಎಂಟು ಅಡಿ ದೂರದಲ್ಲಿ ಇನ್ನೊಂದು ಕಂಬವನ್ನು ನಿಲ್ಲಿಸಿ, ಎರಡರ ನಡುವೆ ಒಂದು ಅಡ್ಡತೊಲೆಯನ್ನು ಬಿಗಿದು, ಮೂಲೆಗಂಬದ ಬುಡದಿಂದ ಎರಡನೆಯದರ ತಲೆಗೆ ಓರೆಯಾಗಿ ತಂತಿಯನ್ನು ಸುತ್ತಿ ತಿರುಚುತ್ತಾರೆ. ಈಗ ಆ ದೇಶದಲ್ಲಿ ಹೆಚ್ಚಾಗಿ ಉಪಯೋಗಿಸುವ ಗಟ್ಟಿ ಉಕ್ಕಿನ ನುಣುಪು ತಂತಿಯನ್ನು ಒಂದೊಂದಕ್ಕೆ 250 ಪೌಂಡು, ಅಂದರೆ ಒಂದು ಕ್ವಿಂಟಲಿಗಿಂತ ತುಸು ಹೆಚ್ಚು ಎಳೆತಕ್ಕೆ ನಿಲ್ಲಿಸುವದು ವಾಡಿಕೆ. ಐದು ತಂತಿಗಳ ಬೇಲಿಯಾದರೆ ಮೂಲೆಗಂಬದ ಮೇಲೆ 1,250 ಪೌಂಡು. ಈ ಭಾರವು ಒಂದು ಗಳಿಗೆಯದಲ್ಲ. ಹಗಲೂ ರಾತ್ರಿಯೂ, ಯಜಮಾನನು ಉಣ್ಣುವಾಗಲೂ ಮಲಗುವಾಗಲೂ, ಅದು ಆ ಕಂಬವನ್ನು ಜಗ್ಗುತ್ತಲೇ ಇರುವದು.

ಕೈಯಿಂದ ಎಳೆಯುವದಕ್ಕೆ ಹಲ್ಲಿನ ಗಾಲಿಯೂ ಉದ್ದ ಹಿಡಿಯೂ ಉಳ್ಳ ಒಂದು ಉಪಕರಣವುಂಟು. ಹಿಡಿಯನ್ನು ಒತ್ತಿದಂತೆಲ್ಲಾ ತಂತಿಯು ಒಂದೊಂದು ಹಲ್ಲಿನಷ್ಟು ಮುಂದಕ್ಕೆ ಬರುವದು. ಬಿಗಿತವು ಏರಿದ ಹಾಗೆ ತೋಳಿಗೆ ಭಾರವಾಗುವದು. ಎಲ್ಲಿಯಾದರೂ ತಂತಿಯು ಕಂಬಕ್ಕೋ ಬೇರಿಗೋ ಸಿಕ್ಕಿಕೊಂಡರೆ ಒಡನೆ ಕೈಗೆ ಗೊತ್ತಾಗುವದು. ಜಾಲರಿ ತಂತಿಯಲ್ಲಿ ಅದನ್ನು ಮಾಡುವವರೇ ಅಲ್ಲಲ್ಲಿ ಸಣ್ಣ ಡೊಂಕುಗಳನ್ನು ಇಟ್ಟಿರುತ್ತಾರೆ. ಆ ಡೊಂಕುಗಳು ಮೂರರಲ್ಲಿ ಒಂದು ಭಾಗದಿಂದ ಅರ್ಧದವರೆಗೆ ನೇರವಾದರೆ ಸಾಕು, ಪೂರಾ ನೇರವಾದರೆ ಮಿತಿಮೀರಿತೆಂದು ಅರ್ಥ. ಹೀಗೆ ಕೈಯೂ ಕಣ್ಣೂ ಸಾಕ್ಷಿಗಳಾಗಿ ನಿಂತು, ಇನ್ನು ಸಾಕು ಎಂದು ಹೇಳುವವು.

ಟ್ರಾಕ್ಟರಿನ ವಿಷಯವು ಹೀಗಲ್ಲ. ತಂತಿಯ ಕೊನೆಯನ್ನು ಅದರ ಹಿಂದೆ ಸಿಕ್ಕಿಸಿ, ಅತಿ ನಿಧಾನದ ಗೇರಿಗೆ ಹಾಕಿ, ಕ್ಲಚ್ಚನ್ನು ಬಿಟ್ಟರೆ ಆಯಿತು. ಅದು ಸಾವಿರಾರು ಪೌಂಡುಗಳ ಬಲದಿಂದ ಎಳೆಯಬಲ್ಲದು; ಆದರೆ ಸುಮಾರು 1,300 ಪೌಂಡಿಗೆ, ಅಂದರೆ ಆರು ಕ್ವಿಂಟಲಿನ ಆಚೀಚೆ, ಆ ಉಕ್ಕಿನ ತಂತಿಯು ಹರಿದುಹೋಗುವದು. ನಾವು ಇದನ್ನು ಅಂದಾಜಿನಿಂದ ಲೆಕ್ಕಹಾಕಿ ನೋಡಿದೆವು. ಕಾಲು ಮೈಲು, ಅಂದರೆ 1,320 ಅಡಿ ತಂತಿಯ ಸಡಿಲನ್ನೆಲ್ಲಾ ತೆಗೆದ ಮೇಲೆ ಅದನ್ನು ತಕ್ಕ ಬಿಗಿತಕ್ಕೆ ತರುವದಕ್ಕೆ ಕೊನೆಯನ್ನು ಇನ್ನು ಒಂದೂವರೆ ಅಡಿ ಮುಂದಕ್ಕೆ ಎಳೆದರೆ ಸಾಕು. ಏಳೆಂಟು ಅಡಿ ಎಳೆದರೆ ಹರಿಯುವ ಮಟ್ಟಕ್ಕೆ ಬಂದಿತು. ಗಂಟೆಗೆ ಎರಡು ಮೈಲಿನಂತೆ ತೆವಳುವ ಟ್ರಾಕ್ಟರಾದರೂ ಒಂದು ಸೆಕೆಂಡಿಗೆ ಮೂರು ಅಡಿಯಷ್ಟು ಹೋಗುವದು. ಹಾಗಾದರೆ ಸರಿಯಾದದ್ದಕ್ಕೂ ನಾಶಕ್ಕೂ ನಡುವೆ ಇರುವದು ಎರಡು ಸೆಕೆಂಡು! ಬೇಲಿಯ ಓಟವು 330 ಅಡಿಯಷ್ಟು ಗಿಡ್ಡವಾಗಿದ್ದರೆ ಆ ಅಂತರವು ಒಂದೂವರೆ ಅಡಿಗೆ ಇಳಿಯುವದು. ಆಗ ಅರ್ಧ ಸೆಕೆಂಡು ಸಾಕು. ಉದ್ದ ಬೇಲಿಗಿಂತ ಗಿಡ್ಡ ಬೇಲಿಯೇ ಅಪಾಯವೆಂಬದು ಕೇಳುವವರಿಗೆ ವಿಚಿತ್ರವಾಗಿ ತೋರುವದು, ಆದರೆ ಹಾಗೆಯೇ ಇದೆ.

ಹರಿದ ತಂತಿಯು ಸುಮ್ಮನೆ ಕೆಳಗೆ ಬೀಳುವದೂ ಇಲ್ಲ. ಅದರೊಳಗೆ ಕೂಡಿಟ್ಟ ಎಳೆತವೆಲ್ಲಾ ಒಮ್ಮೆಲೇ ಬಿಡುಗಡೆಯಾಗಿ, ಅದು ಚಾಟಿಯಂತೆ ಸುತ್ತಿಕೊಳ್ಳುತ್ತಾ ಹಿಂದಕ್ಕೆ ಹಾರುವದು. ಮುಳ್ಳುತಂತಿಯಾದರೆ ಹೇಳುವದೇ ಬೇಡ. ಇದರಿಂದಲೇ ಆ ದೇಶದ ಒಕ್ಕಲುತನದ ಕೈಪಿಡಿಗಳಲ್ಲಿ ಟ್ರಾಕ್ಟರನ್ನು ನಡಿಸಿ ತಂತಿಯನ್ನು ಬಿಗಿಯಬಾರದೆಂದು ಎಚ್ಚರಿಕೆ ಕೊಟ್ಟಿರುತ್ತಾರೆ. ಆದಾಗ್ಯೂ ಮಾಡುವವರು ಮಾಡುತ್ತಲೇ ಇದ್ದಾರೆ. ಅವರು ಕೆಟ್ಟವರಲ್ಲ. ಐದು ತಂತಿಗಳ ಕಾಲು ಮೈಲಿನ ಬೇಲಿಯೆಂದರೆ ಒಂದೂಕಾಲು ಮೈಲು ತಂತಿ. ಅದನ್ನೆಲ್ಲಾ ಬಿಸಿಲಲ್ಲಿ ಹಲ್ಲು ಹಲ್ಲಾಗಿ ಎಳೆದ ತೋಳು ಏನೆನ್ನುವದೆಂದು ಕೂತು ಬರೆಯುವ ನಮಗಿಂತ ಎಳೆದವನೇ ಬಲ್ಲನು.

ನಮ್ಮ ವಾಚಕರಿಗೆ ಪರಿಚಯವಾದ ನೇಗಿಲನ್ನು ಇದರ ಸಂಗಡ ಹೋಲಿಸಿ ನೋಡಿರಿ. ನೆಲದೊಳಗಿನ ಬೇರಿಗೆ ಕುಳವು ತಗಲಿದರೆ ಉಳುವವನ ಅಂಗೈಗೆ ಮೇಣಿಯ ಮೂಲಕ ಅದು ತಿಳಿಯುವದು. ಅವನು ಏನಾದರೂ ಮೈಮರೆತರೂ ಎತ್ತುಗಳೇ ನಿಂತುಬಿಡುವವು. ಎತ್ತಿಗೆ ಹೆಗಲುಂಟು, ಹೆಗಲಿಗೆ ನೋವುಂಟು. ಆ ನೋವೇ ನೇಗಿಲನ್ನು ಮುರಿಯದಂತೆ ಕಾಯುವದು. ಯಂತ್ರಕ್ಕೆ ನೋವಿಲ್ಲ. ಅದು ನಮ್ಮ ತೋಳಿನ ದಣಿವನ್ನು ತೆಗೆದುಹಾಕಿತು, ಒಳ್ಳೆಯದು. ಆದರೆ ಆ ದಣಿವಿನೊಂದಿಗೆ ನಮಗೆ ಬರುತ್ತಿದ್ದ ಸುದ್ದಿಯನ್ನೂ ತೆಗೆದುಹಾಕಿತು.

ಈಗ ಪ್ರಶ್ನೆಗೆ ಬರೋಣ. ತಂತಿಯು ಹರಿದು ಒಬ್ಬನಿಗೆ ಗಾಯವಾಯಿತೆಂದು ಭಾವಿಸಿರಿ. ಟ್ರಾಕ್ಟರಿನ ಮೇಲೆ ಕೂತಿದ್ದವನು, ನನಗೆ ತಿಳಿಯಲಿಲ್ಲ ಎನ್ನುತ್ತಾನೆ. ಅವನು ಸುಳ್ಳು ಹೇಳುವದಿಲ್ಲ. ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ಕೆಲವರು ಇಷ್ಟರಿಂದ ತೃಪ್ತರಾಗುತ್ತಾರೆ: ಮನಸ್ಸಿನಲ್ಲಿ ಕೆಡುಕಿಲ್ಲದವನ ಮೇಲೆ ಅಪರಾಧವನ್ನು ಯಾಕೆ ಹೊರಿಸಬೇಕು? ಬೇರೆ ಕೆಲವರು, ಮನಸ್ಸನ್ನು ಯಾರು ಬಲ್ಲರು, ಗಾಯವಾದದ್ದು ನಿಜ, ಎಳೆದವನು ತೆರಲಿ ಎನ್ನುತ್ತಾರೆ. ನಮಗೆ ಈ ಎರಡು ಮಾತುಗಳೂ ಸಾಲವು. ತಿಳಿಯಲಿಲ್ಲ ಎಂಬದರಲ್ಲಿಯೇ ಎರಡು ಬಗೆಗಳುಂಟು. ಉಕ್ಕಿನ ಒಳಗಿದ್ದ ಬಿರುಕು ಯಾವ ಮನುಷ್ಯನಿಗೂ ಕಾಣುವಂಥದ್ದಲ್ಲ. ಅದರಿಂದ ತಂತಿಯು ಹರಿದರೆ ಅದು ತಿಳಿಯಲಾಗದ್ದು. ಆದರೆ ತಿಳಿಸುತ್ತಿದ್ದ ಉಪಕರಣವನ್ನು ಬದಿಗಿಟ್ಟು, ತಿಳಿಸದ ಉಪಕರಣವನ್ನು ತಾನೇ ಆರಿಸಿಕೊಂಡವನ ಅರಿಯದಿರುವಿಕೆಯು ತಾನೇ ತಂದುಕೊಂಡದ್ದು. ಅವನ ಹೊಣೆಯು ತಂತಿಯು ಹರಿದ ಗಳಿಗೆಯಲ್ಲಿ ಹುಟ್ಟಲಿಲ್ಲ. ಆ ಗಳಿಗೆಯಲ್ಲಿ ಅವನು ಮಾಡಬಹುದಾದದ್ದು ಏನೂ ಇರಲಿಲ್ಲ. ಬೆಳಿಗ್ಗೆ ಕೊಕ್ಕೆಯನ್ನು ಸಿಕ್ಕಿಸುವಾಗಲೇ ಅದು ಹುಟ್ಟಿತು.

ಮೋಶೆಯ ಧರ್ಮಶಾಸ್ತ್ರದಲ್ಲಿ ಹೊಸ ಮನೆಯನ್ನು ಕಟ್ಟುವವನಿಗೆ ಒಂದು ಕಟ್ಟಳೆಯುಂಟೆಂದು ನಮ್ಮ ವಾಚಕರು ಬಲ್ಲರು: ಮಾಳಿಗೆಯ ಅಂಚಿಗೆ ಅಡ್ಡಗೋಡೆಯನ್ನು ಕಟ್ಟಬೇಕು, ಇಲ್ಲವಾದರೆ ಬಿದ್ದವನ ರಕ್ತದ ಹೊಣೆಯು ಆ ಮನೆಯ ಮೇಲೆ ಬರುವದು. ಮಣ್ಣುಮಾಳಿಗೆಯ ಮನೆಗಳಲ್ಲಿ ಬೇಸಗೆಯ ರಾತ್ರಿ ಮಲಗಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮನೆಯವನು ಯಾರನ್ನೂ ನೂಕಲಿಲ್ಲ. ಬಹುಶಃ ಆ ರಾತ್ರಿ ಅವನು ಊರಲ್ಲಿಯೇ ಇರಲಿಲ್ಲ. ಆದರೂ ಎತ್ತರವನ್ನು ಉಂಟುಮಾಡಿದವನು ಅವನೇ. ಎಳೆತವೂ ಎತ್ತರದಂಥದ್ದೇ.

ಈ ಸಂಗತಿಯಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಚುಚ್ಚುವದು ಇನ್ನೊಂದು. ಟ್ರಾಕ್ಟರಿನ ಮೇಲೆ ಕೂತವನು ಒಬ್ಬನು. ತಂತಿಯ ಬದಿಯಲ್ಲಿ ನಡೆಯುತ್ತಾ ಅದು ಎಲ್ಲಿ ಸಿಕ್ಕಿಕೊಂಡಿದೆ, ಎಲ್ಲಿ ಏರಿದೆ ಎಂದು ನೋಡುವವನು ಇನ್ನೊಬ್ಬನು. ಕೂತವನು ಯಜಮಾನನಾಗಿದ್ದರೆ, ನಡೆಯುವವನು ಅವನ ಮಗನೋ ಕೂಲಿಯಾಳೋ ಆಗಿರುವನು. ಯಂತ್ರದ ಸದ್ದಿನಲ್ಲಿ ಇವನ ಕೂಗು ಅವನಿಗೆ ಕೇಳಿಸದು. ಬಲವು ಒಬ್ಬನ ಕಾಲ ಕೆಳಗೆ, ಅಪಾಯವು ಇನ್ನೊಬ್ಬನ ಮೈಮೇಲೆ! ತನ್ನ ತೋಳಿಗೇ ನೋವಾಗುವಾಗ ಮನುಷ್ಯನು ತಾನಾಗಿ ಮಿತಿಯನ್ನು ಕಲಿಯುತ್ತಾನೆ. ನೋವು ಇನ್ನೊಬ್ಬನ ಪಾಲಿಗೆ ಹೋದಾಗ ಅವನಿಗೆ ಅದನ್ನು ಕಲಿಸುವವರು ಯಾರು? ಕೂಲಿಯವನು, ಅಲ್ಲಿ ನಿಲ್ಲಲಾರೆನು ಎಂದು ಹೇಳಬಹುದಲ್ಲಾ ಎಂದು ಕೆಲವರು ಕೇಳಬಹುದು. ಹೇಳಬಹುದು, ನಾಳೆಯ ಕೂಲಿಯ ಚಿಂತೆಯಿಲ್ಲದಿದ್ದರೆ. ಮಗನೂ ಹೇಳಬಹುದು, ತಂದೆಯು ಹೆದರುಪುಕ್ಕಲನೆಂದು ನಗದಿದ್ದರೆ. ಆದುದರಿಂದ ಯಾರು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವ ಕೆಲಸವು ಕೂತವನದೇ. ಕೇಳದಿದ್ದವನಿಗೂ ಅದನ್ನು ಕೇಳದೆ ಕೊಡತಕ್ಕದ್ದು.

ಇದರಿಂದ ನಾವು ಯಂತ್ರವನ್ನು ನಿಂದಿಸುತ್ತೇವೆಂದು ಯಾರೂ ತಿಳಿಯಬಾರದು. ತಂತಿಯ ಭಾರವಾದ ಸುರುಳಿಯನ್ನು ಹಿಂದೆ ಕಟ್ಟಿಕೊಂಡು ಬಿಚ್ಚುತ್ತಾ ಹೋಗುವದಕ್ಕೆ, ಕಂಬದ ಗುಂಡಿಗಳನ್ನು ಕೊರೆಯುವದಕ್ಕೆ ಅದರಂಥ ಆಳು ಬೇರೊಂದಿಲ್ಲ. ಬಿಗಿಯುವ ಕೆಲಸದಲ್ಲಿಯೂ ಅದಕ್ಕೆ ಒಂದು ಒಳ್ಳೆಯ ಸ್ಥಾನವುಂಟು. ಬುದ್ಧಿಯುಳ್ಳ ಒಕ್ಕಲಿಗರು ಅದನ್ನು ಕಂಡುಕೊಂಡಿದ್ದಾರೆ. ಅವರು ಟ್ರಾಕ್ಟರನ್ನು ಬೇಲಿಯ ಕೊನೆಯಾಚೆ ನಿಲ್ಲಿಸಿ, ಯಂತ್ರವನ್ನು ಆರಿಸಿ, ಬ್ರೇಕನ್ನು ಹಾಕಿ, ಅದಕ್ಕೆ ಕೈಯೆಳೆತದ ಉಪಕರಣವನ್ನು ಕಟ್ಟಿ, ತಂತಿಯನ್ನು ಹಲ್ಲು ಹಲ್ಲಾಗಿ ಎಳೆಯುತ್ತಾರೆ. ಟ್ರಾಕ್ಟರಿನ ತೂಕವು ಅಲುಗದ ಕಂಬವಾಗಿ ನಿಲ್ಲುವದು. ಎಳೆಯುವದು ಮಾತ್ರ ಕೈ. ತಂತಿಯ ನಡುವೆ ಒಂದು ಸ್ಪ್ರಿಂಗನ್ನು ಸೇರಿಸಿ, ಅದು ಎಷ್ಟು ಕುಗ್ಗಿತೆಂಬದರಿಂದ ಎಳೆತವನ್ನು ಅಳೆಯುವ ಕ್ರಮವೂ ಉಂಟು. ಸಾಯಂಕಾಲಕ್ಕೆ ಮುಗಿಯಬೇಕಾದ ಕೆಲಸವು ಮರುದಿನಕ್ಕೆ ಹೋಗಬಹುದು. ಹೋಗಲಿ.

ಬಿಗಿದಾದ ಮೇಲೆ ಹೊಣೆಯು ತೀರಿತೋ? ಅದೂ ಇಲ್ಲ. ಉಕ್ಕು ಬಿಸಿಲಿಗೆ ಹಿಗ್ಗುವದು, ಚಳಿಗೆ ಕುಗ್ಗುವದು. ಆ ಬಯಲುಸೀಮೆಯಲ್ಲಿ ಬೇಸಗೆಗೂ ಚಳಿಗಾಲಕ್ಕೂ ನಲವತ್ತು ಡಿಗ್ರಿಗಿಂತ ಹೆಚ್ಚಿನ ಅಂತರವಿರುವದು ಅಪರೂಪವಲ್ಲ. ನಲವತ್ತು ಡಿಗ್ರಿಗೆ ಕಾಲು ಮೈಲಿನ ತಂತಿಯು ಸುಮಾರು ಏಳೂವರೆ ಅಂಗುಲ ಕುಗ್ಗಲು ನೋಡುವದು. ಕಂಬಗಳು ಬಿಡದಿದ್ದರೆ ಅದರ ಎಳೆತವು ಸುಮಾರು 100 ಪೌಂಡು ಏರುವದು. ಆದಕಾರಣ ಎಂಥಾ ದಿನದಲ್ಲಿ ಬಿಗಿಯುತ್ತೇವೆಂದು ನೋಡಿ ಎಳೆಯಬೇಕು. ಇಂದು ಉರಿಬಿಸಿಲಲ್ಲಿ ಸರಿಯೆನಿಸಿದ ಬಿಗಿತವು ಆರು ತಿಂಗಳ ಮೇಲಣ ರಾತ್ರಿಯಲ್ಲಿ ಸರಿಯಲ್ಲ. ಇದಕ್ಕಾಗಿಯೇ ನಡುವಿನ ಮರದ ಕಂಬಗಳಿಗೆ ತಂತಿಯನ್ನು ಹಿಡಿಸುವ ಎರಡು ಮೊನೆಯ ಬಾಗುಮೊಳೆಯನ್ನು ಪೂರಾ ಹೊಡೆಯದೆ, ತಂತಿಯು ಅದರೊಳಗೆ ಸರಿದಾಡುವಷ್ಟು ಎಡೆಯನ್ನು ಬಿಡುತ್ತಾರೆ. ಹೊಸಬನು ಅದನ್ನು ಗಟ್ಟಿಯಾಗಲೆಂದು ಒಳಗೆ ಬಡಿದು ತಂತಿಗೆ ಗಾಯಮಾಡುತ್ತಾನೆ. ಆ ಗಾಯದಲ್ಲಿಯೇ ತುಕ್ಕು ಹಿಡಿಯುವದು, ಅಲ್ಲಿಯೇ ಅದು ಮುಂದೆ ಹರಿಯುವದು.

ಎಳೆದವನು ದೂರದಲ್ಲಿರುವಾಗ ತಂತಿಯು ಏನು ಮಾಡಬಲ್ಲದೆಂಬದಕ್ಕೆ ಟೆಕ್ಸಸ್ ಸಂಸ್ಥಾನದ ಉತ್ತರಭಾಗದಲ್ಲಿ ಆದದ್ದನ್ನು ಹೇಳಬೇಕು. ಆಗ ಟ್ರಾಕ್ಟರುಗಳು ಇರಲಿಲ್ಲ. ಚಳಿಗಾಲದಲ್ಲಿ ಉತ್ತರದ ದನಗಳು ತೆಂಕಣಕ್ಕೆ ಇಳಿದು ಬಂದು ಹುಲ್ಲನ್ನು ಮೇಯುತ್ತವೆಂದು ಅಲ್ಲಿಯ ದೊಡ್ಡ ದನಗಾರರು 1881ರಿಂದ 1885ರೊಳಗೆ ಪೂರ್ವಪಶ್ಚಿಮವಾಗಿ ಸುಮಾರು 200 ಮೈಲು ಮುಳ್ಳುತಂತಿಯ ಬೇಲಿಯನ್ನು ಎಳೆದರು. ಹಿಮದ ಬಿರುಗಾಳಿ ಬೀಸಿದರೆ ದನವು ಗಾಳಿಗೆ ಬೆನ್ನುಕೊಟ್ಟು ಅದು ನೂಕಿದ ಕಡೆಗೆ ನಡೆಯುತ್ತದೆ. ತಗ್ಗೋ ಹಳ್ಳವೋ ಸಿಕ್ಕುವ ವರೆಗೆ ನಿಲ್ಲುವದಿಲ್ಲ. 1886ನೇ ಇಸವಿ ಜನವರಿಯಲ್ಲಿ ಅಂಥ ಗಾಳಿಯು ಬೀಸಿತು. ದನಗಳು ನಡೆದು ಬಂದು ಬೇಲಿಗೆ ತಗಲಿ ನಿಂತವು. ಹಿಂದಿನವು ಮುಂದಿನವುಗಳನ್ನು ಒತ್ತಿದವು. ನಿಂತಲ್ಲಿಯೇ ಸೆಟೆದು, ಒಂದರ ಮೇಲೊಂದು ಬಿದ್ದು, ಸಾವಿರಾರು ಸತ್ತವು. ಬೇಲಿಯನ್ನು ಕಟ್ಟಿದವರಲ್ಲಿ ಒಬ್ಬನಾದರೂ ಆ ದನಗಳು ಸಾಯಲೆಂದು ಬಯಸಲಿಲ್ಲ. ಹುಲ್ಲನ್ನು ಉಳಿಸಿಕೊಳ್ಳಬೇಕೆಂಬ ಅವರ ಆಶೆಯು ನ್ಯಾಯವಾದದ್ದೇ. ಬಿರುಗಾಳಿಯನ್ನು ತಂದವರು ಅವರಲ್ಲ. ಆದರೆ ದನವು ಗಾಳಿಯೊಂದಿಗೆ ನಡೆಯುತ್ತದೆಂಬದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಭೂಮಿಯಲ್ಲಿಯೇ ಇರಲಿಲ್ಲ. ಬೇಲಿ ಕಟ್ಟಿದ್ದೇ ಅದಕ್ಕಾಗಿ. ಇನ್ನೂರು ಮೈಲು ಬೇಲಿಯಲ್ಲಿ ಅಂಥ ರಾತ್ರಿಯ ನಿಮಿತ್ತ ಏನನ್ನಾದರೂ ಯೋಚಿಸಿ ಇಟ್ಟಿದ್ದರೋ ಎಂದು ಕೇಳಿದರೆ ಉತ್ತರವಿಲ್ಲ. 1885ರಲ್ಲಿಯೇ ಅಮೇರಿಕದ ಸರಕಾರವು ಸಾರ್ವಜನಿಕ ಭೂಮಿಗೆ ಬೇಲಿ ಹಾಕುವದನ್ನು ಕಾನೂನಿನಿಂದ ನಿಷೇಧಿಸಿತ್ತು. 1890ರ ಹೊತ್ತಿಗೆ ಆ ಬೇಲಿಯ ಬಹುಭಾಗವನ್ನು ಕಿತ್ತುಹಾಕಿದರು.

ಹೀಗೆ ಎಲ್ಲಾ ಪರಿಣಾಮಗಳನ್ನೂ ಎಣಿಸುತ್ತಾ ಕೂತರೆ ಒಬ್ಬನೂ ಒಂದು ಗೂಟವನ್ನಾದರೂ ನೆಡಲಾರನೆಂದು ಕೆಲವರು ಹೇಳುವರು. ಈ ಆಕ್ಷೇಪಣೆಯಲ್ಲಿ ಸತ್ಯವುಂಟು. ತಂತಿಯಿಲ್ಲದಿದ್ದರೆ ಆ ಬಯಲಲ್ಲಿ ಸಣ್ಣ ಒಕ್ಕಲಿಗನ ಪೈರು ದೊಡ್ಡವನ ದನಗಳ ಪಾಲಾಗುತ್ತಿತ್ತು. ಬೇಲಿಯು ಬಡವನನ್ನೂ ಕಾಯಿತು. ನಾವು ಕೇಳುವದು ಎಲ್ಲವನ್ನೂ ಮುಂದಾಗಿ ಕಾಣಬೇಕೆಂದಲ್ಲ, ತನಗೆ ಗೊತ್ತಿದ್ದದ್ದಕ್ಕೆ ಒಂದು ಬಾಗಲನ್ನು ಇಡಬೇಕೆಂದು ಮಾತ್ರ. ಅದೇ ಟೆಕ್ಸಸಿನಲ್ಲಿ 1883ರಲ್ಲಿ ದಾರಿಗಳಿಗೂ ನೀರಿಗೂ ಅಡ್ಡವಾಗಿ ಬೇಲಿಗಳೆದ್ದು, ಜನರು ರಾತ್ರಿಯಲ್ಲಿ ಹೋಗಿ ತಂತಿಗಳನ್ನು ಕತ್ತರಿಸಿ, ಜಗಳವು ಕೊಲೆಯ ವರೆಗೂ ಹೋಯಿತು. 1884ರ ಜನವರಿಯಲ್ಲಿ ಕೂಡಿದ ಶಾಸನಸಭೆಯು ಬೇಲಿ ಕತ್ತರಿಸುವವನಿಗೆ ಸೆರೆಮನೆಯನ್ನು ಗೊತ್ತುಮಾಡಿತು. ಸಾರ್ವಜನಿಕ ದಾರಿಗೆ ಅಡ್ಡವಾಗಿ ಬೇಲಿ ಹಾಕಿದವನು ಮೂರು ಮೈಲಿಗೆ ಒಂದು ಬಾಗಲನ್ನು ಇಟ್ಟು ಅದನ್ನು ಸುಸ್ಥಿತಿಯಲ್ಲಿ ಕಾಯಬೇಕೆಂದೂ ವಿಧಿಸಿತು. ಕತ್ತರಿಸುವವನ ಮೇಲೆ ಶಿಕ್ಷೆಯು ಭಾರವಾಗಿಯೂ ಎಳೆದವನ ಮೇಲೆ ಹಗುರವಾಗಿಯೂ ಬಿದ್ದಿತೆಂಬದು ನಮ್ಮ ಅಭಿಪ್ರಾಯ. ಆದರೂ ಎಳೆದವನಿಗೂ ಒಂದು ಕರ್ತವ್ಯವುಂಟೆಂದು ಆ ಕಾನೂನು ಒಪ್ಪಿಕೊಂಡಿತು.

ಈಗ ವಯೋಮಿಂಗ್, ಮೊಂಟಾನಾ ಮೊದಲಾದ ಸೀಮೆಗಳಲ್ಲಿ ಹಳೇ ಬೇಲಿಗಳನ್ನು ತಿದ್ದುವ ಕೆಲಸವು ನಡೆಯುತ್ತಿದೆ. ಅಲ್ಲಿ ಪ್ರಾಂಗ್‌ಹಾರ್ನ್ ಎಂಬ, ಚಿಗರೆಯನ್ನು ಹೋಲುವ ಒಂದು ಮೃಗವುಂಟು. ಅದು ಗಾಳಿಯಂತೆ ಓಡಬಲ್ಲದು, ಆದರೆ ಬೇಲಿಯನ್ನು ಹಾರುವದು ಅಪರೂಪ. ತಲೆತಗ್ಗಿಸಿ ಅಡಿಯಿಂದ ನುಸುಳಲು ನೋಡಿ, ಬೆನ್ನನ್ನು ಮುಳ್ಳಿಗೆ ಹರಿದುಕೊಳ್ಳುತ್ತದೆ. ಜಿಂಕೆಯು ಹಾರುತ್ತದೆ, ಹಾರುವಾಗ ಹಿಂಗಾಲು ಮೇಲಿನ ಎರಡು ತಂತಿಗಳ ನಡುವೆ ಸಿಕ್ಕಿ ತಿರುಚಿಕೊಂಡರೆ ಅಲ್ಲಿಯೇ ತೂಗುಬಿದ್ದು ಸಾಯುತ್ತದೆ. ಆದಕಾರಣ ಕೆಳಗಿನ ಮುಳ್ಳುತಂತಿಯನ್ನು ತೆಗೆದು, ಅದರ ಬದಲಾಗಿ ನುಣುಪು ತಂತಿಯನ್ನು ನೆಲದಿಂದ 16 ಅಂಗುಲ ಎತ್ತರಕ್ಕೆ ಕಟ್ಟುತ್ತಾರೆ. ಮೇಲಿನ ಎರಡರ ನಡುವೆ 12 ಅಂಗುಲ ಬಿಡುತ್ತಾರೆ. ದನಗಳು ಇದರಿಂದ ಹೊರಗೆ ಹೋಗುವದಿಲ್ಲ. ಆದರೆ ಈ ಕೆಲಸದಲ್ಲಿ ಮೊದಲು ಮಾಡಬೇಕಾದದ್ದು ಒಂದುಂಟು. ಅಜ್ಜನ ಕಾಲದ ತಂತಿಯನ್ನು ಇದ್ದಂತೆಯೇ ಕತ್ತರಿಸಿದರೆ, ಅದರಲ್ಲಿ ಇನ್ನೂ ಉಳಿದಿರುವ ಅವನ ಎಳೆತವು ಮೊಮ್ಮಗನ ಮುಖಕ್ಕೆ ಬರುವದು. ಹೀಗಿರುವದರಿಂದ ಕತ್ತರಿಸುವ ಜಾಗದ ಎರಡು ಕಡೆಗಳಲ್ಲಿಯೂ ತಂತಿಯನ್ನು ಕೈಯೆಳೆತದ ಉಪಕರಣದಿಂದ ಹಿಡಿದು, ಬದಿಯಲ್ಲಿ ನಿಂತವರನ್ನು ದೂರ ಕಳುಹಿಸಿ, ನಡುವೆ ಕತ್ತರಿಸಿದ ಮೇಲೆ ಹಲ್ಲು ಹಲ್ಲಾಗಿ ಸಡಿಲು ಬಿಡುತ್ತಾ ಅದನ್ನು ನೆಲಕ್ಕೆ ಇಳಿಸುತ್ತಾರೆ.